ಹೇಳಿದ್ದನ್ನು ಹೇಳಿದಂತೆ

ವಿಲ್ಸನ್ ಗಾರ್ಡನ್ನಿನ ನನ್ನ ಅಲೈನ್‌ಮೆಂಟ್ ಅಂಗಡಿಗೆ
ಶಟರು ಅರ್ಧ ಇಳಿದ ಹೊತ್ತಲ್ಲಿ
ಮೂತಿ ಚಾಚಿದ ಪುಟ್ಟ ಕೆಂಪು ಕಾರೊಂದು ಬಂತು.
ಇಳಿದವರು ಮಂದಾಕಿನಿ, ಐವತ್ತನಾಲ್ಕು ವರ್ಷ,
ಮೇಯೋ ಹಾಲ್ ಕೋರ್ಟಿನಲ್ಲಿ ಸ್ಟೆನೋ.
"ಚೌಡಪ್ನೋರೆ, ಈ ಗಾಡಿ ನನ್ನ ಮಾತು ತಿದ್ದತ್ತೆ."

ಮೂವತ್ತು ವರ್ಷ ಅವರಿವರು ಆಡಿದ್ದನ್ನು
ಒಂದಕ್ಷರ ಕೂಡಿಸದೆ, ಕಳೆಯದೆ
ಇಳಿಸಿಕೊಂಡ ಕೈ ಅದು.
ಕೆಮ್ಮು ಬಿಟ್ಟು ಮಿಕ್ಕಿದ್ದೆಲ್ಲ ಬರೆದ ಕೈ.
ಅಂಥವರು ಗವಿಪುರದ ಏರಿನಲ್ಲಿ,
ಉದುರಿದ ಹೊಂಗೆಹೂವಿನ ಮೇಲೆ ನಾಲ್ಕು ಹನಿ ಬಿದ್ದ ಸಂಜೆ,
ಬಲಕ್ಕೆ ತಿರುಗಿಸುತ್ತ ಪೆಡಲು ಒತ್ತಿದರೆ
ಮೀಟರಿನಲ್ಲಿ ಹಳದಿ ದೀಪ ಮಿಣಿಮಿಣಿ,
ಇಂಜಿನ್ನು ಅರ್ಧ ವಾಕ್ಯಕ್ಕೇ ಗಪ್‌ಚಿಪ್.
ಹಿಂದೆ ಆಟೋದವನ ಹಾರನ್ನು.
ಅದನ್ನು ಮಾತ್ರ ಯಾರೂ ತಿದ್ದಲಿಲ್ಲವಂತೆ.
"ಅದರ ಫ್ಯೂಸು ಕಿತ್ತು ನನ್ನ ಕೈಗೆ ಕೊಟ್ಬಿಡಿ."

"ಕಿತ್ರೆ ಬ್ರೇಕಿನ ಬುದ್ಧೀನೂ ಹೋಗ್ತದೆ ಮೇಡಂ.
ಎರಡಕ್ಕೂ ಒಂದೇ ಒಲೆ."
ನಂಬಲಿಲ್ಲ. ಸಾಕ್ಷಿ ಬೇಕು ಅವರಿಗೆ.

ಪೀಣ್ಯದಲ್ಲಿ ನನ್ನ ಷಡ್ಡಕನ ಪೌಡರ್ ಕೋಟಿಂಗ್ ಶೆಡ್ಡು.
ಭಾನುವಾರ, ಖಾಲಿ ಅಂಗಳ.
ಟ್ಯಾಂಕರಿನವನಿಗೆ ದುಡ್ಡು ಕೊಟ್ಟು ನೀರು ಹರಿಸಿದೆ.
ಬೋರು ಬತ್ತಿದ ಊರಲ್ಲಿ ಪಾಪದ ಕೆಲಸ,
ಅರ್ಧ ಟ್ಯಾಂಕು ಸಾಕಪ್ಪ ಅಂದೆ.

ಮೊದಲು ದೀಪದವನು ಕೆಲಸದಲ್ಲಿರುವಾಗಲೇ ಒಂದು ಸುತ್ತು.
ಜಾರಿದ ಗಾಲಿಯ ಕಿವಿ ಹಿಂಡಿ,
ಪಕ್ಕದ ಗಾಲಿಗೆ ಪಾಲು ಕೊಟ್ಟು,
ಕಾರು ಗೆರೆ ಹಿಡಿದು ಸುತ್ತಿತು.
ಬೇಸರದ ಸುತ್ತು.

ಆಮೇಲೆ ಗುಂಡಿ ಒತ್ತಿ ಹಿಡಿದರು. ಒಂದು, ಎರಡು, ಮೂರು.
ಒಳಗಾಲಿ ಬುಸುಗುಟ್ಟಿತು, ಸ್ಟೀರಿಂಗು ಕೈಯೊಳಗೆ ಒದರಿತು,
ಮೂತಿ ಹೇಳಿದ ಕಡೆ ಹೋಗದೆ
ನೆಟ್ಟಗೆ ಡ್ರಮ್ಮುಗಳ ಕಡೆ ನಡೆಯಿತು.
"ಕಾಲು ತೆಗೀರಿ!" ಅಂತ ನಾನು ಕಿರುಚಿದೆ.
ಪಟ್ಟನೆ ತೆಗೆದರು.
ಭಾರವೆಲ್ಲ ಮುಂದಕ್ಕೆ ಬಿದ್ದು, ಹಿಂದಿನ ಗಾಲಿ ಹಗುರಾಗಿ,
ಬಾಲ ಹೊರಗೆ ಬೀಸಿ ಕಾರು ಗರಗರ ತಿರುಗಿ
ಬಂದ ದಾರಿಗೇ ಮುಖ ಮಾಡಿ ನಿಂತಿತು.
ವೈಪರು ಯಾಕೋ ತಾನೇ ಆಡುತ್ತಿತ್ತು.
ಗಾಜು ಇಳಿಸಿ ಮೇಡಂ ಅಂದರು:
"ಇದು ನಾನು ಹೇಳಿದ್ದಾ?"
"ಅಕ್ಷರಕ್ಷರವೂ ನೀವು ಹೇಳಿದ್ದೇ."

ಆದರೂ ನನಗೊಂದು ಅನುಮಾನ.
ಎಡಕ್ಕೆ ಸುಮ್ಮನಿರುವ ದೀಪ ಬಲಕ್ಕೇ ಯಾಕೆ ಅಷ್ಟು ಬೇಗ ಮಿಟುಕುತ್ತದೆ?
ಗಾಲಿಗಾಲಿಗೂ ಸೀಮೆಸುಣ್ಣದ ಗೀಟು ಎಳೆದು
ಒಂದೊಂದು ಉರುಳು ಉರುಳಿಸಿ ಟೇಪು ಹಿಡಿದೆ.
ಮೂರರದ್ದು ಒಂದು ಲೆಕ್ಕ,
ಮುಂದಿನ ಎಡಗಾಲಿ ನಾಲ್ಕು ಬೆರಳು ಕಮ್ಮಿ.
ಹಳೇ ಮಾಲೀಕ ಪಂಕ್ಚರಿಗೆ ಬೇಸತ್ತು
ಯಾವುದೋ ಸೈಜಿನ ಟೈರು ತೊಡಿಸಿದ್ದ, ಅದೂ ಬೋಳು.
ಚಿಕ್ಕ ಗಾಲಿ ಜಾಸ್ತಿ ಓಡಬೇಕು,
ಬಲಕ್ಕೆ ತಿರುಗಿದರೆ ಹೊರಬದಿಗೆ ಬಿದ್ದು ಇನ್ನೂ ಜಾಸ್ತಿ.
ಕಂಪ್ಯೂಟರು ಪಾಪ, ಅದನ್ನೇ ಜಾರುವಿಕೆ ಅಂದುಕೊಂಡು
ನಿಮ್ಮ ಬಾಯಿಗೆ ಕೈ ಅಡ್ಡ ಇಡುತ್ತಿತ್ತು.
ನೆಲ ಹಿಡಿಯೋದು ಅದಲ್ಲ ಮೇಡಂ,
ನಾಲ್ಕು ಅಂಗೈಯಗಲ ರಬ್ಬರು, ಅಷ್ಟೇ.

ಅವರು ಕೂತು ಬೋಳು ಟೈರನ್ನು ಬೆರಳಿಂದ ಸವರಿದರು.
"ಸುಳ್ಳುಸಾಕ್ಷಿ," ಅಂದರು, ಮೆಲ್ಲಗೆ.

ಹೊಸ ಜೋಡಿ ಹಾಕಿಸಿಕೊಂಡು ಹೋದರು. ಫ್ಯೂಸು ಇದ್ದಲ್ಲೇ ಇದೆ.
ಗುಂಡಿಯನ್ನು ಇನ್ನೂ ಒತ್ತುತ್ತಾರೋ ಏನೋ, ಕೇಳಿಲ್ಲ.

ಸೋಮವಾರ ಷಡ್ಡಕನ ಫೋನು:
"ಅಂಗಳದ ತುಂಬ ಸುರುಳಿ, ಕೊಕ್ಕೆ, ಗೀಟು,
ಯಾರಯ್ಯ ಗೀಚಿದ್ದು? ಯಾವ ಭಾಷೆ?"
ತೊಳೀಬೇಡ ಇರು ಅಂದೆ.
ಶಾರ್ಟ್‌ಹ್ಯಾಂಡು ಕಣೋ,
ಬರೆದವರೇ ಬಂದು ಓದಬೇಕು.