ಗ್ವಾಡಿ ನೆಕ್ಕಿದ್ದು

ಕಬ್ಬು ಕಡಿಯೋ ಗ್ಯಾಂಗು ಬಂದಾಗಿಂದ
ನಮ್ಮ ಎಮ್ಮಿಗೆ ಬರೇ ಸೋಗಿ.
ಬಿಟ್ಟಿ ಸಿಗತೈತಿ, ಹಸರೈತಿ,
ಹಾರೂಗೇರಿ ರಸ್ತಾದ ತುಂಬ ಬಿದ್ದಿರತೈತಿ,
ಯಾರು ಬ್ಯಾಡಂತಾರ?

ಆಗಿಂದನ ಆಕಿ ಗ್ವಾಡಿ ನೆಕ್ಕಾಕ ಹತ್ತಿದ್ದು.
ಮೊದಲ ಸುಣ್ಣಾ ಹಚ್ಚಿದ ಮೂಲಿ,
ಆಮ್ಯಾಲ ಒಣಹಾಕಿದ ನನ್ನ ಸೀರಿ ಸೆರಗು,
ಮಾವನ ಹಳೇ ಕೆರವು.
ಒಂದಿನ ಕಟಕಟ ಸಪ್ಪಳ ಕೇಳಿ ಹೋಗಿ ನೋಡಿದರ
ಬಾಯಾಗ ಎಲುಬು.
ಬಸದಿಗೆ ನಡಕೊಳ್ಳೋ ಮನಿ ನಮ್ಮದು.
ಅತ್ತಿ ಹೌಹಾರಿ ಬಡಿಗಿ ತಗೊಂಡು
ಮೂತಿ ಮ್ಯಾಲ ಬಡದಳು.

ಈದ ಮೂರನೇ ದಿನಾ ಬಿದ್ದಳು.
ಕುತಗಿ ಹೊಳ್ಳಿಸಿ ಪಕ್ಕಡಿ ಮ್ಯಾಲಿಟ್ಟು,
ಹೊಟ್ಟಿಯೊಳಗ ಯಾರೋ ಮಾತಾಡೂದನ್ನ
ಕೇಳಿಸಿಕೊಳ್ಳೂ ಹಂಗ.
ಕರಾ ಒದರಿದರೂ ಕಣ್ಣ ತೆರಿಲಿಲ್ಲ.

ಮುಜಾವರ ಡಾಕ್ಟರು ಬಂದಾಗ ರಾತ್ರಿ ಹನ್ನೊಂದು.
ಕಿವಿ ಹಿಡದು ನೋಡಿದರು. ತಣ್ಣಗ.
"ಹಾಲು ಜ್ವರ ಅಂತಾರವಾ ಇದಕ್ಕ.
ಹೆಸರಿಗಷ್ಟ ಜ್ವರ, ಮೈಯಾಗ ಕಾವಿರೂದಿಲ್ಲ."
ಕೆಚ್ಚಲಾ ಬೇಡಿದಷ್ಟು ಸುಣ್ಣ ರಕ್ತ ಕೊಟ್ಟೈತೆಂತ,
ಖಾಲಿಯಾಗಿ ಎಲುಬಿನ ಕದಾ ಬಡದೈತೆಂತ,
ಎಲುಬು ಲಗೂನ ತೆರಿಲಿಲ್ಲಂತ.
ಸೋಗಿಯೊಳಗ ಒಂದು ಹುಳಿ ಇರತೈತೆಂತ,
ತಿಂದ ಸುಣ್ಣಾನೂ ಗಂಟು ಕಟ್ಟಿ
ಹೆಂಡಿಗೆ ಹಾಕತೈತೆಂತ.
"ಗ್ವಾಡಿ ಗೀಡಿ ನೆಕ್ಕತಿತ್ತೇನು?"
ಇಲ್ರಿ, ಅಂದೆ.

ಹತ್ತೊಂಬತ್ತಕ್ಕ ನಾನೂ ಹಂಗ ಅಂದಿದ್ದೆ.
ಐದು ತಿಂಗಳ ಬಸರಿ. ಹಿತ್ತಲ ಗ್ವಾಡಿಯ ಹೆಂಟಿ,
ನಾದಿನಿ ಪಾಟೀಚೀಲದಾಗಿನ ಬಳಪ,
ಮಳಿ ಬಿದ್ದ ಮಣ್ಣಿನ ವಾಸನಿಗೆ ಬಾಯಾಗ ನೀರು.
ಅತ್ತಿ ಬಾಯಿ ತೆರಸಿ ನೋಡಿದಳು.
ಹಲ್ಲಿಗೆ ಬಿಳೀ ಪುಡಿ.
ಇಲ್ರಿ, ಅಂದೆ.
ಅದ ಬಡಿಗಿ. ಆಗಿನ್ನಾ ಹೊಸಾದಿತ್ತು.

ಬಾಟಲಿ ಎತ್ತಿ ಹಿಡಿ, ಅಂದರು. ಹಿಡದೆ.
"ಸಾವಕಾಶ. ಭಡಾಭಡಾ ಬಿಟ್ಟರ ಎದಿ ನಿಂತ ಹೋಗತೈತಿ.
ಕಡಿಮಿ ಆಗಿ ಬಿದ್ದೈತಿ, ಹೆಚ್ಚಾಗಿ ಸಾಯಬಾರದು."
ನಳಗಿ ಕಿವಿಗಿಟ್ಟು ಎದಿಬಡತ ಎಣಸತಿದ್ದರು.
ಮೊಬೈಲ್ ಬೆಳಕಿನಾಗ ಗುಳ್ಳಿ
ಒಂದೊಂದ, ಒಂದೊಂದ ಮ್ಯಾಲೇರತಿದ್ದವು.
ಬಾಗಲದಾಗ ಅತ್ತಿಯ ಣಮೋಕಾರ.
ನನ್ನ ರಟ್ಟಿ ಸೋತು ನಡಗತಿತ್ತು.

ಅರ್ಧ ಬಾಟಲಿಗೆ ಮೈ ಝುಮ್ಮಂತು.
ಮುಕ್ಕಾಲಿಗೆ ಡರ್ರನ ತೇಗಿದಳು.
ಒಣಗಿದ್ದ ಮೂಗಿನ ಮ್ಯಾಲ
ಸಾಸವಿ ಕಾಳಿನಷ್ಟು ಬೆವರು.
ಡಾಕ್ಟರು ನಕ್ಕರು. ಈಗ ಏಳತೈತಿ ನೋಡು.

ಎದ್ದಳು, ಹಿಂಗಾಲ ತಡವರಿಸಿ,
ಗ್ವಾದಲಿಗೆ ಆತುಕೊಂಡು.
ಎದ್ದಾಕಿನ ನನ್ನ ಮುಂಗೈ ನೆಕ್ಕಿದಳು,
ಬೆವತ ಉಪ್ಪುಪ್ಪು ಕೈ,
ಅರದಂಥಾ ನಾಲಿಗಿ.

ಖನಿಜದ ಪುಡಿ, ದಿನಾ ಐವತ್ತು ಗ್ರಾಂ,
ಚೀಟಿ ಬರದುಕೊಟ್ಟರು.
ಅತ್ತಿ ಇಸಗೊಂಡು ತಿರುವಿ ಮುರುವಿ ನೋಡಿ
"ಮನಶ್ಯಾರಿಗೂ ಇಂಥಾದ್ದು ಬರತೈತೇನ್ರಿ?"
ಅಂತ ಕೇಳಿದಳು,
ನನ್ನ ಕಡೆ ನೋಡಲಾರದ.