ನೆರೆ

ವಿರಾಜಪೇಟೆಯ ಗಡಿಯಾರ ಕಂಬದ ಕೆಳಗೆ
ಕತ್ತು ನೋಯುವಷ್ಟು ಹೊತ್ತು ನಿಂತು ನೋಡಿದ,
ಆಮೇಲೆ ರಸ್ತೆ ದಾಟಿ ನನ್ನ ಬೇಕರಿಗೇ ಬಂದು ಕೇಳಿದ:
ಅದಕ್ಕೆ ಕೀಲಿ ಕೊಡುವವರು ಯಾರು?
ಪುರಸಭೆ, ಅಂದೆ. ನೆನಪಾದಾಗ.

ಹೆಸರು ಲೀವೆನ್. ಬೆಲ್ಜಿಯಂ ಸೈನ್ಯದಲ್ಲಿ ಟ್ಯಾಂಕ್ ರಿಪೇರಿ.
ನಾನು ಪೆಮ್ಮಯ್ಯ, ಪಟಾಲಂ ಅಡುಗೆಯ ಹವಾಲ್ದಾರ.
ಇಬ್ಬರದೂ ಮುರುಕು ಇಂಗ್ಲಿಷು; ಮುರಿದ ಕಡೆ ಕೈಸನ್ನೆ.
ಯಾವ ಯುದ್ಧ? ನಮ್ಮ ಕಡೆ ಮೊದಲ ಪ್ರಶ್ನೆ ಅದೇ.
ಯಾವುದೂ ಇಲ್ಲ, ಅಂದ. ಪಕ್ಕದ ಜರ್ಮನಿಯಲ್ಲಿ
ಮೂವತ್ತೊಂದು ವರ್ಷ
ಬರಲೇ ಇಲ್ಲದ ಯುದ್ಧಕ್ಕೆ ಕಾದೆ.

ಅವನಪ್ಪ ಹೋದದ್ದು ನಲವತ್ತೈದರಲ್ಲಿ,
ಗೆದ್ದವರ ಸಾಲಿನ ಬಾಲದಲ್ಲಿ.
ಇರಲು ಕೊಟ್ಟ ಮನೆ ಯಾರದೋ.
ಆ ಯಾರೋ, ಗಂಡ ರಷ್ಯಾದಿಂದ ಮರಳದ ಹೆಂಗಸು,
ಹಿತ್ತಿಲ ಕೊಟ್ಟಿಗೆಯ ಅಟ್ಟ ಸೇರಿದಳು.
ಶನಿವಾರ ಶನಿವಾರ ಬಾಗಿಲು ತಟ್ಟಿ,
ಕಾಲೊರೆಸಿ ಒಳಬಂದು,
ತನ್ನದೇ ಗಡಿಯಾರಕ್ಕೆ ಕೀಲಿ ಕೊಟ್ಟು
ಯಾರ ಮುಖವನ್ನೂ ನೋಡದೆ ಹೋಗುತ್ತಿದ್ದಳಂತೆ.
ಎಂಟು ವರ್ಷ.
ಲೀವೆನ್ ಹುಟ್ಟಿದ್ದು ಆ ಟಿಕ್‌ಟಿಕ್ಕಿನಲ್ಲಿ.

ಆಮೇಲೆ ಕ್ವಾರ್ಟರ್ಸು ಬಂದವು. ತಮ್ಮದೇ ಶಾಲೆ, ತಮ್ಮದೇ ಟಾಕೀಸು,
ತಮ್ಮೂರಿನ ಬ್ರೆಡ್ಡು, ತಮ್ಮೂರಿನ ಬಿಯರು.
ಪ್ಲಮ್ ಮರ ಮಾತ್ರ ಬೇಲಿಯಾಚೆ.
ಕೊಂಬೆ ಈಚೆ ಬಾಗಿತು, ಹಣ್ಣು ಈಚೆ ಬಿತ್ತು,
ಆ ಮನೆಯ ಹುಡುಗಿಯನ್ನೇ ಇವನಣ್ಣ ಮದುವೆಯಾದ.

ಇದಕ್ಕೆ ಕನ್ನಡದಲ್ಲೊಂದು ಮಾತಿದೆ, ಅಂದೆ.
ಮನೆಯಲ್ಲಿ ನಾವು ಕೊಡವ ತಕ್ಕ್ ಆಡುವವರು,
ಕನ್ನಡ ನನಗೆ ಬಂದದ್ದು ಮೇಷ್ಟರ ಬೆತ್ತದಿಂದ;
ಆದರೂ ಇದೊಂದು ಗೊತ್ತು:
ನೆರೆ ಎಂದರೆ ಉಕ್ಕಿ ಬಂದ ನೀರು.
ನೆರೆ ಎಂದರೆ ಪಕ್ಕದ ಮನೆ.
ನೆರೆ ಎಂದರೆ, ನೋಡು, ನಿನ್ನ ತಲೆ, ನನ್ನ ತಲೆ.
ಅವನು ನಗಲಿಲ್ಲ. ಇನ್ನೊಮ್ಮೆ ಹೇಳಿಸಿ
ಬಿಲ್ಲಿನ ಹಿಂದೆ ಬರೆದುಕೊಂಡ.

ನೀನೆಲ್ಲಿದ್ದೆ?
ಭೂತಾನ್. ಹಾ.
ಹಾ ಅಂದರೆ ನಿಟ್ಟುಸಿರಲ್ಲ ಮಾರಾಯ, ಊರಿನ ಹೆಸರು.
ಚಳಿ ಕಣಿವೆ, ಕೆಂಪಕ್ಕಿ,
ಮೆಣಸಿನಕಾಯಿಯನ್ನೇ ಪಲ್ಯ ಮಾಡಿ ಉಣ್ಣುವ ಜನ.
ತರಬೇತಿ ಕೊಡಲೆಂದು ಹೋದ ನಮ್ಮವರು
ಅಲ್ಲೇ ಇದ್ದು ಎಷ್ಟೋ ವರ್ಷವಾಗಿತ್ತು;
ಎಂಬತ್ತಾರರಲ್ಲಿ ನನ್ನ ಪಾಳಿ.
ಹಿಟ್ಟು ಹುದುಗುತ್ತಿರಲಿಲ್ಲ. ಕಂಬಳಿ ಹೊದಿಸಿ
ಒಲೆಯ ಪಕ್ಕ ಕೂಸಿನಂತೆ ಮಲಗಿಸುತ್ತಿದ್ದೆ.
ದೆಚೆನ್ ಅಂತ ಒಬ್ಬಳು ಮುದುಕಿ, ದಿನಾ ಬೆಳಿಗ್ಗೆ
ನಮ್ಮ ಅಡುಗೆಮನೆಯ ಹಿಂದಿನ ಅಕ್ರೋಟು ಮರಕ್ಕೆ
ಮೂರು ಸುತ್ತು ಬಂದು, ಬೊಡ್ಡೆ ಮುಟ್ಟಿ,
ನನ್ನಿಂದೊಂದು ಬನ್ನು ಇಸಕೊಂಡು ಹೋಗುತ್ತಿದ್ದಳು.
ಬಹಳ ಭಕ್ತಿ ಅವಳಿಗೆ, ಅಂತ ಹೇಳಹೊರಟವನು

ನಿಂತೆ.

ಲೀವೆನ್ ಲೋಟ ಕೆಳಗಿಟ್ಟ. ಏನೂ ಕೇಳಲಿಲ್ಲ.
ಮೂರು ವರ್ಷ, ಸಾವಿರ ಬನ್ನು.
ಮರ ಯಾರದು ಅಂತ
ನಾನೂ ಕೇಳಿರಲಿಲ್ಲ.
ಬನ್ನು ಕೊಟ್ಟವನು ನಾನು, ಅಷ್ಟೇ ನೆನಪಿಟ್ಟಿದ್ದೆ.

ದುಡ್ಡು ಬೇಡ ಅಂದೆ. ಎಣಿಸಿ ಇಟ್ಟೇ ಹೋದ.
ಕಂಬದತ್ತ ಒಮ್ಮೆ ನೋಡಿ, ತನ್ನ ಕೈಗಡಿಯಾರ ನೋಡಿ,
ಯಾವುದನ್ನು ನಂಬಿದನೋ, ಬಸ್‌ಸ್ಟ್ಯಾಂಡಿನ ಇಳಿಜಾರು ಹಿಡಿದ.

ಒಳಗಿಂದ ಹುಡುಗ ಕೂಗುತ್ತಿದ್ದ:
ಪೆಮ್ಮಯ್ಯಣ್ಣಾ, ಟ್ರೇ ತೆಗೀರಿ,
ಸೀದ ವಾಸನೆ ಬರ್ತಿದೆ, ಆಗ್ಲಿಂದ.