ಏಳು ಸೆಂಟಿಮೀಟರ್

ಕತ್ತು ಹಿಡಿದಿದೆ ಎಂದಳು ದಿರ್ಚೆ
ಸೈಕಲ್ಲನ್ನು ಅಂಗಡಿಯ ಕಂಬಕ್ಕೆ ಒರಗಿಸುತ್ತ.
ನಾನು ಡಾಕ್ಟರಲ್ಲ ಎಂದೆ.
ಗೊತ್ತು, ಅವನ ಹತ್ತಿರ ಹೋಗಿಬಂದೆ,
ದಿಂಬು ಬದಲಿಸು ಅಂದ.

ಫೆರಾರಾದಲ್ಲಿ ಡಿಸೆಂಬರ್ ಎಂದರೆ
ಪೋ ನದಿಯೇ ಎದ್ದು ಬೀದಿಗೆ ಬಂದಂಥ ಮಂಜು.
ಜನ ಕಾಣುವುದಿಲ್ಲ, ಸೈಕಲ್ಲಿನ ಗಂಟೆಗಳು ಕೇಳುತ್ತವೆ.
ಅವಳದ್ದು ನನಗೆ ಗುರುತು: ಒಂದೇ ಸಲ, ಮೊಟಕಾಗಿ,
ಬಾಗಿಲು ತಟ್ಟಿ ಓಡಿಹೋಗುವ ಹುಡುಗರ ಹಾಗೆ.

ಆ ದೀಪದ ಕಂಬದವರೆಗೆ ಓಡಿಸಿ ತೋರಿಸು ಎಂದೆ.
ಕಳೆದ ಉಂಗುರ ಹುಡುಕುವವಳಂತೆ ಬಾಗಿದ್ದಳು,
ಮೂಗಿಗೂ ಮುಂದಿನ ಚಕ್ರಕ್ಕೂ ಏನೋ ಗುಟ್ಟಿನ ಮಾತು.
ಮೊಣಕೈ ಸೆಟೆದ ಕೋಲು. ಹೊಳೆಗಲ್ಲಿನ ರಸ್ತೆಯ
ಒಂದೊಂದು ಕಲ್ಲೂ ಅಂಗೈಯಿಂದ ಹೊರಟು
ಭುಜ ಹತ್ತಿ, ಕಿವಿಯ ಹಿಂದೆ ಹೋಗಿ ಕೂರುತ್ತಿತ್ತು.
ಓಟದ ಸೈಕಲ್ಲು. ಭಾವ ಕೊಟ್ಟದ್ದು ಎಂದಳು. ತಡೆದು,
ಆಗಿನ್ನೂ ಮಾತಾಡುತ್ತಿದ್ದೆವು ಎಂದಳು.

ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಅವಳದು.
ಹೋಗಬೇಕು, ಬರಬೇಕು.
ಯಾರ ಓಟವನ್ನೂ ಗೆಲ್ಲಬೇಕಾಗಿಲ್ಲ.

ಸೈಕಲ್ಲಿಗೂ ಒಂದು ಕುತ್ತಿಗೆಯಿದೆ. ಅದೂ ಹಿಡಿದಿತ್ತು.
ತುಕ್ಕಿಗೆ ಎಣ್ಣೆ ಬಿಟ್ಟು ರಾತ್ರಿಯಿಡೀ ಕಾದೆ,
ಬೆಳಿಗ್ಗೆ ಬೋಲ್ಟು ಎರಡು ಸುತ್ತು ಸಡಿಲಿಸಿ
ಮರದ ತುಂಡಿಟ್ಟು ಮೇಲಿಂದ ಒಂದೇ ಏಟು.
ಹಲ್ಲು ಕಿತ್ತ ಸದ್ದು, ಆಮೇಲೆ ಸಲೀಸು.
ಉದ್ದದ ಕುತ್ತಿಗೆ ಇಳಿಸಿದೆ, ಗ್ರೀಸು ಸವರಿ,
ಹಳೆಯದಕ್ಕಿಂತ ಏಳು ಸೆಂಟಿಮೀಟರ್ ಎತ್ತರ.
ತಗ್ಗಿದ ಹ್ಯಾಂಡಲ್ ತೆಗೆದು ಬೇರೆ ಕೂರಿಸಿದೆ,
ಹಿಂದಕ್ಕೆ ಬಾಗಿ, ನೀನು ಬರಬೇಡ ನಾನೇ ಬರುತ್ತೇನೆಂದು
ಸವಾರನತ್ತ ಕೈ ಚಾಚುವಂಥದ್ದು.
ಬ್ರೇಕಿನ ವೈರು ಸಾಲದೆ ಬಂತು. ಯಾವಾಗಲೂ ಸಾಲುವುದಿಲ್ಲ;
ಒಂದನ್ನು ಎತ್ತಿದರೆ
ಅದಕ್ಕೆ ಕಟ್ಟಿದ್ದೆಲ್ಲ ಉದ್ದವಾಗಬೇಕು.

ಮೂರನೆಯ ದಿನ ಮತ್ತೆ ಬಂದಳು.
ಕತ್ತು ಬಿಟ್ಟಿದೆ, ಈಗ ಕೂರುವ ಜಾಗ ನೋಯುತ್ತದೆ.
ಭಾರ ಎಲ್ಲಿಗೂ ಹೋಗುವುದಿಲ್ಲ, ದಿರ್ಚೆ,
ಕೈಯಿಂದ ಇಳಿಸಿದರೆ ಸೊಂಟಕ್ಕೆ ಬರುತ್ತದೆ.
ಅಗಲದ ಸೀಟು ಕೊಟ್ಟೆ, ಕೆಳಗೆರಡು ಸ್ಪ್ರಿಂಗು,
ಮೂಗು ಕೂದಲೆಳೆಯಷ್ಟೂ ತಗ್ಗದಂತೆ.
ಕಿರುಗುಟ್ಟುತ್ತದಲ್ಲ ಎಂದಳು.
ಕುರ್ಚಿಯೂ ಕಿರುಗುಟ್ಟುತ್ತದೆ ಎಂದೆ.

ಒಂದು ವಾರ ಸುದ್ದಿಯಿಲ್ಲ, ಅವಳ ಗಂಟೆಯೂ ಇಲ್ಲ.
ಶನಿವಾರ ಬಂದವಳು ಒಳಗೆ ಬರಲಿಲ್ಲ,
ಒಂದು ಕಾಲು ನೆಲಕ್ಕೂರಿ ನಿಂತಳು.
ಇದನ್ನು ಇಳಿಸಲು ಬರುತ್ತದಾ, ನೇರಿಯೊ?
ಯಾಕೆ, ಎದುರುಗಾಳಿಯಾ?
ಗಾಳಿ ಇದೆ, ಸೀದಾ ಎದೆಗೇ ಬಡಿಯುತ್ತದೆ,
ನಾಲ್ಕು ನಿಮಿಷ ತಡ. ಅದಲ್ಲ.
ಮೂಲೆಯಲ್ಲಿ ಅಕ್ಕನ ಬ್ರೆಡ್ಡಿನ ಅಂಗಡಿ. ಆರು ವರ್ಷ ದಾಟಿದ್ದೇನೆ
ಚಕ್ರ ನೋಡಿಕೊಂಡು. ನಾನು ಮುಖ ತಪ್ಪಿಸಬೇಕಾಗಿರಲಿಲ್ಲ,
ಸೈಕಲ್ಲೇ ತಪ್ಪಿಸುತ್ತಿತ್ತು.
ಈಗ ಗಾಜಿನಾಚೆಯ ಅವಳ ಕಣ್ಣೂ ನನ್ನ ಕಣ್ಣೂ
ಒಂದೇ ಎತ್ತರದಲ್ಲಿವೆ.

ಇಳಿಸಬಹುದು ಎಂದೆ. ಎರಡು ಸುತ್ತಿನ ಕೆಲಸ.
ಸ್ಪ್ಯಾನರ್ ಕೈಯಲ್ಲೇ ಇತ್ತು.
ಅದನ್ನೂ ನೋಡಿದಳು, ತನ್ನ ಗಡಿಯಾರವನ್ನೂ.

ಅಕ್ಕ ಏನು ಮಾಡಿದಳು?
ಏನಿಲ್ಲ. ಕೈಯೆಲ್ಲ ಹಿಟ್ಟು, ಹಾಗೇ ಎತ್ತಿದಳು.
ಕರೆದಳೋ, ಬಿಸಿಲಿಗೆ ಅಡ್ಡ ಹಿಡಿದಳೋ ತಿಳಿಯಲಿಲ್ಲ.
ಈ ಮಂಜಿನಲ್ಲಿ ಎಂಥ ಬಿಸಿಲು ಎಂದೆ.

ಉತ್ತರ ಹೇಳದೆ ಪೆಡಲ್ ತುಳಿದಳು.
ಹತ್ತು ಮಾರಿಗೆ ಬೆನ್ನು ಮಾಯ, ನೆಟ್ಟಗಿದ್ದ ಬೆನ್ನು.
ಸ್ಪ್ರಿಂಗಿನ ಕಿರುಗುಟ್ಟು ಮಾತ್ರ ಮೂಲೆಯವರೆಗೂ ಕೇಳಿತು,
ಅಲ್ಲಿ ಬ್ರೇಕು ಕಿರುಚಿತು.
ಹೊಸ ವೈರು, ತುಸು ಬಿಗಿಯಾಗಿದೆ.
ಸೋಮವಾರ ಬಂದರೆ ಸಡಿಲಿಸಿ ಕೊಡಬೇಕು.